ನನಗೆ ಮತವಿಲ್ಲ, ಆದ್ರೂ ನನ್ನ ಆಯ್ಕೆ ದ್ರೌಪದಿ ಮುರ್ಮು: ಪಕ್ಷವಿಲ್ಲದ ಮತದಾರನ ಲೆಕ್ಕ

2022ರ ಜುಲೈ 18, ಸೋಮವಾರ, ವಿಧಾನಸೌಧದಲ್ಲಿ ರಾಷ್ಟ್ರಪತಿ ಚುನಾವಣೆಯ ಮತದಾನ ಇತ್ತು. ಕುಂದಲಹಳ್ಳಿಯಲ್ಲಿ ಅದರ ಸುಳಿವೇ ಇರಲಿಲ್ಲ. ಆಗ ರೈಲು ಇನ್ನೂ ಬಾರದಿದ್ದ ಮೆಟ್ರೋ ಕಂಬಗಳ ಕೆಳಗೆ ಎಂದಿನ ಟ್ರಾಫಿಕ್, ಟೀ ಅಂಗಡಿ ಮುಂದೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಎಂದಿನ ಗುಂಪು. ಮತದಾನಕ್ಕೆ ಮೊದಲು ಅಲ್ಲೇ ನಿಂತು ಗೆಳೆಯರಿಗೆ "ಈ ಸಲ ನನ್ನ ಬೆಂಬಲ ಮುರ್ಮು ಅವರಿಗೆ" ಅಂದೆ. ಒಬ್ಬ, "ಓ, ನೀನೂ ಆ ಕಡೆ ಹೋದ್ಯಾ?" ಅಂದ. ಇನ್ನೊಬ್ಬ, "ನಿನ್ನ ಬೆಂಬಲ ಯಾರಿಗೆ ಬೇಕು? ನಿಂಗೆ ವೋಟೇ ಇಲ್ವಲ್ಲ" ಅಂದ.

ಎರಡೂ ನ್ಯಾಯವಾದ ಪ್ರಶ್ನೆಗಳೇ. ನಾನು ಯಾವ ಪಕ್ಷದವನೂ ಅಲ್ಲ. 2018ರ ವಿಧಾನಸಭೆಗೆ ಒಂದು ಪಕ್ಷಕ್ಕೆ, 2019ರ ಲೋಕಸಭೆಗೆ ಇನ್ನೊಂದಕ್ಕೆ ಮತ ಹಾಕಿದವನು. ಇಂಥವರನ್ನ ಎರಡೂ ಕಡೆಯವರು 'ಗೋಡೆ ಮೇಲೆ ಕೂತವರು' ಅಂತಾರೆ. ಸರಿ, ಗೋಡೆ ಮೇಲಿಂದ ಕಂಡಿದ್ದನ್ನೇ ಹೇಳ್ತೀನಿ. ಮೊದಲು ಎರಡನೇ ಪ್ರಶ್ನೆ.

ನಮ್ಮ ವೋಟು ಎಲ್ಲಿದೆ?

ರಾಷ್ಟ್ರಪತಿಯನ್ನ ನಾವು ನೇರವಾಗಿ ಆರಿಸಲ್ಲ. ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ಚುನಾಯಿತ ಶಾಸಕರು ಆರಿಸ್ತಾರೆ. ಶಾಸಕರ ಮತಕ್ಕೆ ಒಂದು ಮೌಲ್ಯ ಇದೆ: ರಾಜ್ಯದ ಜನಸಂಖ್ಯೆಯನ್ನ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದಿದ್ದನ್ನ ಮತ್ತೆ 1000ದಿಂದ ಭಾಗಿಸಬೇಕು. ಕರ್ನಾಟಕದ ಲೆಕ್ಕದಲ್ಲಿ ಅದು 131. ಉತ್ತರ ಪ್ರದೇಶದ್ದು 208, ಸಿಕ್ಕಿಂನದು 7. ನಮ್ಮ 224 ಶಾಸಕರದ್ದು ಸೇರಿ 29,344. 2022ರಲ್ಲಿ ಸಂಸದರ ಒಂದು ಮತದ ಮೌಲ್ಯ 700 ಇತ್ತು.

ಈ ಲೆಕ್ಕಕ್ಕೆ ಬಳಸೋ ಜನಸಂಖ್ಯೆ 1971ರ ಜನಗಣತಿಯದ್ದು. ಅಂದ್ರೆ ರಾಜ್ಯದಲ್ಲಿ 3 ಕೋಟಿ ಜನರೂ ಇಲ್ಲದ ಕಾಲದ್ದು. ಆಗ ಕುಂದಲಹಳ್ಳಿ ನಿಜವಾಗಿಯೂ ಹಳ್ಳಿ. ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಆಮೇಲೆ ಕಲಬುರಗಿಯಿಂದ, ಕಡಪದಿಂದ, ಕಟಕ್‌ನಿಂದ ಬಂದು ಇಲ್ಲಿ ನೆಲೆಸಿದ ನಾವ್ಯಾರೂ ಆ ಲೆಕ್ಕದಲ್ಲಿಲ್ಲ. ಮತದಾರರ ಸಂಖ್ಯೆಯಲ್ಲಿ ನಮ್ಮ ಮಹದೇವಪುರ ರಾಜ್ಯದ ಅತಿ ದೊಡ್ಡ ಕ್ಷೇತ್ರಗಳಲ್ಲೊಂದು. ಆದ್ರೂ ಇಲ್ಲಿನ ಶಾಸಕರ ಮತಕ್ಕೂ 131, ಶೃಂಗೇರಿಯಂಥ ಚಿಕ್ಕ ಕ್ಷೇತ್ರದ ಶಾಸಕರ ಮತಕ್ಕೂ 131. ಇದು ಬದಲಾಗೋದು 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಬಂದ ಮೇಲೆ.

ಹಾಗಾಗಿ ನನ್ನ ವೋಟು ಅನ್ನೋದು ಆ 131ರೊಳಗೆ ಎಲ್ಲೋ ಕರಗಿರೋ ಚೂರು. ಆದ್ರೆ ಆ ಚೂರಿಗೂ ಒಂದು ಸ್ವಾತಂತ್ರ್ಯ ಇದೆ: ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡೋ ಹಾಗಿಲ್ಲ, ಮತದಾನ ರಹಸ್ಯ. ಇದರ ಬಿಸಿ ಏನು ಅಂತ ಬೆಂಗಳೂರಿಗೆ ಗೊತ್ತು. 1969ರ ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ನಮ್ಮವರೇ ಆದ ನಿಜಲಿಂಗಪ್ಪ ಪಕ್ಷದ ಅಧ್ಯಕ್ಷರಾಗಿದ್ದರು. ಪಕ್ಷ ಇಲ್ಲೇ ನೀಲಂ ಸಂಜೀವ ರೆಡ್ಡಿ ಅವರನ್ನ ಅಭ್ಯರ್ಥಿ ಮಾಡಿತು. ಆಮೇಲೆ ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಪಕ್ಷೇತರರಾಗಿ ನಿಂತಿದ್ದ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ ಗೆದ್ದರು. ಅದೇ ವರ್ಷ ಕಾಂಗ್ರೆಸ್ ಒಡೆಯಿತು.

ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರಲ್ಲ, ಹಾಗೆ ಚೂರಾದ್ರೂ ಅಳೆದೇ ಹಾಕಬೇಕು. ಅಳೆಯೋದು ಯಾವುದರಿಂದ?

ರಬ್ಬರ್ ಸ್ಟ್ಯಾಂಪಿನ ಬೆಲೆ

'ರಾಷ್ಟ್ರಪತಿ ಅಂದ್ರೆ ರಬ್ಬರ್ ಸ್ಟ್ಯಾಂಪ್, ಯಾರಾದ್ರೇನು' ಅನ್ನೋ ಮಾತು ಸಾಮಾನ್ಯ. ಆ ಸ್ಟ್ಯಾಂಪು ಎಷ್ಟು ದುಬಾರಿ ಅಂತ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತಿರಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ, ಸದನದಲ್ಲೇ ಬಹುಮತ ಸಾಬೀತು ಮಾಡ್ತೀನಿ ಅಂತ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು, ರಾಷ್ಟ್ರಪತಿ ಸಹಿ ಬಿತ್ತು, ಸರ್ಕಾರ ಹೋಯಿತು. ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಐದು ವರ್ಷದ ನಂತರ ಬಂದ ನ್ಯಾಯ, ಬೀಳಿಸಿದ ಸರ್ಕಾರವನ್ನ ಎತ್ತಿ ನಿಲ್ಲಿಸಲಿಲ್ಲ.

ರಾಷ್ಟ್ರಪತಿಗಿರೋ ಅಧಿಕಾರ ಚಿಕ್ಕದು. ಸಂಸತ್ತು ಒಪ್ಪಿದ ಮಸೂದೆಯನ್ನ (ಹಣಕಾಸು ಮಸೂದೆ ಬಿಟ್ಟು) 111ನೇ ವಿಧಿಯ ಪ್ರಕಾರ ಒಂದು ಸಲ ವಾಪಸ್ ಕಳಿಸಬಹುದು. ಸಂಪುಟದ ಸಲಹೆಯನ್ನೂ 74ನೇ ವಿಧಿಯಂತೆ ಒಂದು ಸಲ 'ಮತ್ತೆ ಯೋಚಿಸಿ' ಅನ್ನಬಹುದು. ಮತ್ತೆ ಅದೇ ಬಂದ್ರೆ ಒಪ್ಪಲೇಬೇಕು. ಅಂದ್ರೆ ಅವರ ಕೈಲಿರೋದು ಪೂರ್ಣವಿರಾಮ ಅಲ್ಲ, ಅಲ್ಪವಿರಾಮ.

ಅದರ ಶಕ್ತಿ ಕಮ್ಮಿಯೇನಲ್ಲ. 1997ರಲ್ಲಿ ಗುಜ್ರಾಲ್ ಸಂಪುಟ ಉತ್ತರ ಪ್ರದೇಶದಲ್ಲಿ, 1998ರಲ್ಲಿ ವಾಜಪೇಯಿ ಸಂಪುಟ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದಾಗ ಕೆ.ಆರ್. ನಾರಾಯಣನ್ ಎರಡನ್ನೂ ಹಿಂದಕ್ಕೆ ಕಳಿಸಿದರು. ಪಕ್ಷ ನೋಡಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮೂರು ಕೃಷಿ ಮಸೂದೆ ಬಂದಾಗ, ಸಹಿ ಹಾಕಬೇಡಿ ಅಂತ ವಿರೋಧ ಪಕ್ಷಗಳು ಕೇಳಿಕೊಂಡರೂ ಅಲ್ಪವಿರಾಮ ಬೀಳಲಿಲ್ಲ. ಆಮೇಲೆ ವರ್ಷವಿಡೀ ರೈತರು ದೆಹಲಿ ಗಡಿಯಲ್ಲಿ ಕೂತರು, ಕೊನೆಗೆ ಕಾಯ್ದೆಗಳೇ ರದ್ದಾದವು. ಆ ಒಂದು ವಾಪಸಾತಿ ಆಗಿದ್ದರೆ ಏನಾಗ್ತಿತ್ತೋ ಹೇಳಕ್ಕಾಗಲ್ಲ. ಆದ್ರೆ ಕೇಳಿಸಿಕೊಳ್ಳೋಕೆ ಒಂದಷ್ಟು ಸಮಯವಂತೂ ಸಿಗ್ತಿತ್ತು.

ಹಾಗಾಗಿ ನನ್ನ ಅಳತೆಗೋಲು ಒಂದೇ: ಈ ವ್ಯಕ್ತಿ ಕುರ್ಚಿಯಲ್ಲಿ ಕೂತು, ತನ್ನದೇ ಕಡೆಯವರ ಕಾಗದವನ್ನ ಎಂದಾದ್ರೂ ವಾಪಸ್ ಕಳಿಸಿದ್ದಾರಾ?

ರಾಂಚಿಯಿಂದ ವಾಪಸಾದ ಮಸೂದೆಗಳು

ಮುರ್ಮು ಕಳಿಸಿದ್ದಾರೆ. ಅವರು 2015ರಿಂದ 2021ರವರೆಗೆ ಜಾರ್ಖಂಡ್ ರಾಜ್ಯಪಾಲರು. ಅಲ್ಲಿ ಎರಡು ಹಳೆ ಕಾಯ್ದೆಗಳಿವೆ: 1908ರ ಛೋಟಾನಾಗಪುರ ಗೇಣಿ ಕಾಯ್ದೆ ಮತ್ತು 1949ರ ಸಂತಾಲ್ ಪರಗಣ ಗೇಣಿ ಕಾಯ್ದೆ. ಆದಿವಾಸಿಗಳ ಜಮೀನು ಹೊರಗಿನವರ ಪಾಲಾಗದ ಹಾಗೆ ತಡೆಯೋ ಬೇಲಿಗಳು ಅವು. ನಮ್ಮಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈತಪ್ಪದಂತೆ 1978ರ ಪಿಟಿಸಿಎಲ್ ಕಾಯ್ದೆ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಆಶಯ.

2016ರಲ್ಲಿ ರಘುವರ್ ದಾಸ್ ಅವರ ಬಿಜೆಪಿ ಸರ್ಕಾರ ಇವೆರಡಕ್ಕೂ ತಿದ್ದುಪಡಿ ತಂದಿತು. ಆದಿವಾಸಿ ಜಮೀನನ್ನ ಕೃಷಿಯೇತರ ಬಳಕೆಗೆ ಬಿಡೋದು ಅದರ ಮುಖ್ಯ ಅಂಶ. ಜನ ಬೀದಿಗಿಳಿದರು, ರಾಜಭವನಕ್ಕೆ ಮನವಿಗಳು ಬಂದವು. 2017ರಲ್ಲಿ ಮುರ್ಮು ಸಹಿ ಹಾಕದೆ ಮಸೂದೆಗಳನ್ನ ಮರುಪರಿಶೀಲನೆಗೆ ಹಿಂದಿರುಗಿಸಿದರು. ರಾಜ್ಯದಲ್ಲೂ ಬಿಜೆಪಿ, ಕೇಂದ್ರದಲ್ಲೂ ಬಿಜೆಪಿ, ಅವರನ್ನ ನೇಮಿಸಿದ್ದೂ ಅದೇ ಕೇಂದ್ರ. ಆಮೇಲೆ ಸರ್ಕಾರ ತಿದ್ದುಪಡಿಗಳನ್ನೇ ಕೈಬಿಟ್ಟಿತು.

ಇದನ್ನ ನಮ್ಮ ರಾಜ್ಯದ ಪಕ್ಕ ಇಟ್ಟು ನೋಡಿ. 2020ರ ಜುಲೈನಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು, ಯಾರು ಬೇಕಾದ್ರೂ ಕೃಷಿ ಜಮೀನು ಕೊಳ್ಳಬಹುದು ಅನ್ನೋ ಸುಗ್ರೀವಾಜ್ಞೆ ಬಂತು. ರೈತ ಸಂಘಟನೆಗಳು ವಿರೋಧಿಸಿದವು. ಇಲ್ಲಿ ರಾಜಭವನದ ಸಹಿ ಬಿತ್ತು. ಕುಂದಲಹಳ್ಳಿಯಲ್ಲಿ ಬಾಡಿಗೆ ಮನೇಲಿ ಇರೋ ನನ್ನಂಥವರಿಗೆ ಜಮೀನು ಅಂದ್ರೆ ಸೈಟ್ ರೇಟು. ಆದ್ರೆ ನಾವು ದಿನಾ ಕೆಲಸಕ್ಕೆ ಹೋಗೋ ಕಟ್ಟಡಗಳ ಕೆಳಗೆ ಯಾರದ್ದೋ ಹೊಲ ಇತ್ತು ಅನ್ನೋದನ್ನ ಮರೆಯೋಕಾಗಲ್ಲ. ಜಮೀನಿನ ವಿಷಯದಲ್ಲಿ ಒಂದು ಕ್ಷಣ ತಡೆದು ಯೋಚಿಸೋ ಸಹಿಯ ಬೆಲೆ ಈ ಪಟ್ಟಿಯಲ್ಲಿ ಬದುಕೋರಿಗೆ ಗೊತ್ತಾಗಬೇಕು.

ಹಾಗಾದ್ರೆ ಸಿನ್ಹಾ ಯಾಕಲ್ಲ?

ಯಶವಂತ ಸಿನ್ಹಾ ಹಗುರವಾದ ಅಭ್ಯರ್ಥಿಯಾಗಿರಲಿಲ್ಲ. ಐಎಎಸ್ ಬಿಟ್ಟು ರಾಜಕೀಯಕ್ಕೆ ಬಂದವರು, ಎರಡು ಅವಧಿಗೆ ಹಣಕಾಸು ಸಚಿವರು, ಆಮೇಲೆ ವಿದೇಶಾಂಗ ಸಚಿವರು. ತಮ್ಮದೇ ಪಕ್ಷದ ಆರ್ಥಿಕ ನೀತಿಯನ್ನ 2017ರಲ್ಲಿ ಬಹಿರಂಗವಾಗಿ ಟೀಕಿಸಿ, 2018ರಲ್ಲಿ ಬಿಜೆಪಿ ಬಿಟ್ಟವರು. ಆ ಧೈರ್ಯಕ್ಕೆ ನನ್ನ ಗೌರವ ಇದೆ. ಆದ್ರೆ ಅದು ಅಧಿಕಾರದ ಹೊರಗಿದ್ದಾಗಿನ ಮಾತು. ಮುರ್ಮು ಅವರದ್ದು ಕುರ್ಚಿಯಲ್ಲಿದ್ದಾಗಿನ ಕೆಲಸ. ಇನ್ನೊಂದು ವಿಷಯ: ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರೂ ಒಲ್ಲೆ ಅಂದ ಮೇಲೆ ಸಿನ್ಹಾ ಹೆಸರು ಬಂತು. ಅಭ್ಯರ್ಥಿ ಆಗೋ ದಿನದವರೆಗೂ ಅವರು ತೃಣಮೂಲ ಕಾಂಗ್ರೆಸ್‌ನಲ್ಲಿದ್ದರು. ವಿರೋಧ ಪಕ್ಷಗಳೇ ಮನಸ್ಸಿಟ್ಟು ಆರಿಸಿದ ಹಾಗೆ ನನಗೆ ಕಾಣಲಿಲ್ಲ. ಜಾರ್ಖಂಡ್‌ನಲ್ಲಿ ಆ ತಿದ್ದುಪಡಿಗಳನ್ನ ವಿರೋಧಿಸಿದ್ದ, 2022ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರದಲ್ಲಿದ್ದ ಜೆಎಂಎಂ ಕೂಡ ಮುರ್ಮು ಕಡೆ ನಿಂತಿತು.

ನನ್ನ ತಕರಾರುಗಳೂ ಇವೆ

ಬೆಂಬಲ ಅಂದ್ರೆ ಭಜನೆ ಅಲ್ಲ. ಜಾರ್ಖಂಡ್‌ನ ಮತಾಂತರ ತಡೆ ಕಾಯ್ದೆಗೆ 2017ರಲ್ಲೇ ಮುರ್ಮು ಒಪ್ಪಿಗೆ ಕೊಟ್ಟರು. ಅಂಥದ್ದೇ ಕಾನೂನು 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ನಮ್ಮ ರಾಜ್ಯಕ್ಕೂ ಬಂತು. ವಯಸ್ಕರ ನಂಬಿಕೆಯಲ್ಲಿ ಸರ್ಕಾರ ಮೂಗು ತೂರಿಸೋದು ನನಗೆ ಒಪ್ಪಿಗೆ ಇಲ್ಲ. ಅವರು ರಾಜ್ಯಪಾಲರಾಗಿದ್ದಾಗಲೇ ಪತ್ಥಲಗಡಿ ಚಳವಳಿಯ ಆದಿವಾಸಿಗಳ ಮೇಲೆ ದೇಶದ್ರೋಹದ ಪ್ರಕರಣಗಳು ಬಿದ್ದವು. ಅವನ್ನ ಹಿಂಪಡೆಯೋ ತೀರ್ಮಾನಕ್ಕೆ 2019ರ ಕೊನೆಗೆ ಸರ್ಕಾರವೇ ಬದಲಾಗಬೇಕಾಯಿತು.

ಆದಿವಾಸಿ ಮಹಿಳೆ ಅನ್ನೋ ಹೆಮ್ಮೆಯ ಮಾತು? ಮೊದಲ ಸಲ ಆ ಕುರ್ಚಿಯಲ್ಲಿ ಒಬ್ಬ ಸಂತಾಲಿ ಹೆಣ್ಣುಮಗಳು ಕೂರೋದು ಸಣ್ಣ ವಿಷಯ ಅಲ್ಲ. ರಾಯರಂಗಪುರದ ಶಿಕ್ಷಕಿ, 1997ರಲ್ಲಿ ಅಲ್ಲಿನ ನಗರ ಪಂಚಾಯ್ತಿಯ ಕೌನ್ಸಿಲರ್, ಆಮೇಲೆ ಶಾಸಕಿ, ಸಚಿವೆ: ಕೆಳಗಿನ ಮೆಟ್ಟಿಲಿಂದಲೇ ಹತ್ತಿ ಬಂದವರು. ಆದ್ರೆ ಅವರ ಹುಟ್ಟೂರು ಉಪರಬೇಡದ ಒಂದು ಕೇರಿಗೆ ವಿದ್ಯುತ್ ಕಂಬ ಬಂದದ್ದು 2022ರ ಜೂನ್‌ನಲ್ಲಿ, ಇವರು ಅಭ್ಯರ್ಥಿ ಆದ ಮೇಲೆ. ಒಬ್ಬರು ಮೇಲಕ್ಕೆ ಹೋದ ಮಾತ್ರಕ್ಕೆ ಊರು ಮೇಲಕ್ಕೆ ಹೋಗಲ್ಲ. ಅದಕ್ಕೇ ನನ್ನ ಕಾರಣ ಅವರ ಹುಟ್ಟಲ್ಲ, ಅವರು ಹಿಂದಿರುಗಿಸಿದ ಆ ಕಡತ.

ಗೆದ್ದ ಮೇಲೆ

ಬಿಜೆಡಿ, ವೈಎಸ್‌ಆರ್ ಕಾಂಗ್ರೆಸ್, ನಮ್ಮ ಜೆಡಿಎಸ್ ಬೆಂಬಲ ಸೇರಿದ ಮೇಲೆ ಮುರ್ಮು ಗೆಲುವು ಬಹುತೇಕ ಖಚಿತವಾಗಿತ್ತು. ಹಾಗಾಗಿ ಟೀ ಅಂಗಡಿಯ ಗೆಳೆಯ ಹೇಳಿದ್ದು ನಿಜ, ನನ್ನ ಬೆಂಬಲ ಅವರಿಗೆ ಬೇಕಿರಲಿಲ್ಲ. ಆದ್ರೆ ಅದು ನನಗೆ ಬೇಕಿತ್ತು. ಬೆಂಬಲಿಸಿದವನಿಗೆ ನಾಳೆ ಲೆಕ್ಕ ಕೇಳೋ ಹಕ್ಕು ಇನ್ನಷ್ಟು ಗಟ್ಟಿ ಇರುತ್ತೆ. 'ನಮ್ಮೋರು' ಅಂತ ಕಣ್ಣು ಮುಚ್ಚಿಕೊಂಡವರು ಕೇಳಲ್ಲ, 'ಅವರೋರು' ಅಂತ ಮೊದಲೇ ಬಾಗಿಲು ಹಾಕಿಕೊಂಡವರ ಮಾತನ್ನ ಅಲ್ಲಿ ಯಾರೂ ಕೇಳಿಸಿಕೊಳ್ಳಲ್ಲ.

ಐದು ವರ್ಷದ ಅವಧಿಯಲ್ಲಿ ಚರ್ಚೆಯಿಲ್ಲದೆ ಪಾಸಾದ ಒಂದು ಮಸೂದೆ ಅವರ ಮೇಜಿಗೆ ಬಂದೇ ಬರುತ್ತೆ. ಯಾವುದೋ ರಾಜ್ಯದ ಸರ್ಕಾರ ಬೀಳಿಸೋ ಶಿಫಾರಸೂ ಬರಬಹುದು. ಆ ದಿನ ನಾನು ನೋಡೋದು ಇಷ್ಟೇ: 2017ರಲ್ಲಿ ರಾಂಚಿಯಲ್ಲಿ ತಡೆದ ಆ ಕೈ ದೆಹಲಿಯಲ್ಲೂ ಒಮ್ಮೆ ತಡೆಯುತ್ತಾ? ತಡೆದರೆ ನನ್ನ ಲೆಕ್ಕ ಸರಿ ಇತ್ತು. ತಡೆಯದೆ ಹೋದ್ರೆ, ತಪ್ಪಿದ್ದು ನನ್ನ ಲೆಕ್ಕ ಅಂತ ಇದೇ ಟೀ ಅಂಗಡಿ ಮುಂದೆ ನಿಂತು ಒಪ್ಪಿಕೊಳ್ತೀನಿ.