ಮಾಂಸಖಂಡದ ಅದುರು ಮತ್ತು ಕಾಯಿಲೆಯ ಭಯ

ರೆಪ್ಪೆ, ಮೀನಖಂಡ, ತೊಡೆ, ತೋಳು, ಹೆಬ್ಬೆರಳಿನ ಬುಡ - ಇವುಗಳಲ್ಲಿ ಯಾವುದಾದರೊಂದು ಕಡೆ ಚರ್ಮದಡಿಯ ಸ್ನಾಯು ತಾನಾಗಿಯೇ ಪಟಪಟನೆ ಮಿಡಿದು ನಿಲ್ಲುವುದು ಬಹುತೇಕ ಎಲ್ಲರ ಅನುಭವ. ವೈದ್ಯರು ಇದನ್ನು ಫ್ಯಾಸಿಕ್ಯುಲೇಶನ್ ಎನ್ನುತ್ತಾರೆ. ಹಿಂದಿನವರು ಇದರಲ್ಲಿ ಶಕುನ ಕಂಡರು: ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ ಎಂದರು. ಇಂದು ಅದೇ ಅದುರನ್ನು ಮೊಬೈಲಿನಲ್ಲಿ ಹುಡುಕಿದವರಿಗೆ ಎಎಲ್‌ಎಸ್ ಎಂಬ ಮಾರಕ ನರರೋಗದ ಹೆಸರು ಎದುರಾಗುತ್ತದೆ. ಅಲ್ಲಿಂದ ಶುರುವಾದ ದಿಗಿಲು ಕೆಲವರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುತ್ತದೆ. ಅದುರು ಅಪಾಯಕಾರಿಯಲ್ಲದಿದ್ದರೂ ಈ ದಿಗಿಲು ಮಾತ್ರ ನಿಜವಾದ ನರಳಾಟ. ಅದಕ್ಕೆ ಪರಿಹಾರವೂ ಇದೆ.

ಅದುರು ಹುಟ್ಟುವ ಬಗೆ

ಮಿದುಳುಕಾಂಡ ಮತ್ತು ಮಿದುಳುಬಳ್ಳಿಯಲ್ಲಿರುವ ಒಂದೊಂದು ಚಾಲಕ ನರಕೋಶವೂ ಸ್ನಾಯುವಿನ ಹಲವು ತಂತುಗಳನ್ನು ಆಳುತ್ತದೆ. ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಲ್ಲಿ ಒಂದು ನರಕೋಶದ ಪಾಲಿಗೆ ಬರುವುದು ಸುಮಾರು ಹತ್ತು ತಂತುಗಳು. ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಮಿದುಳಿನ ಅಪ್ಪಣೆಯಿಲ್ಲದೆ ನರದಲ್ಲಿ ಒಂದು ವಿದ್ಯುತ್ ಮಿಡಿತ ಹುಟ್ಟಿದರೆ ಆ ಗುಂಪಿನ ತಂತುಗಳೆಲ್ಲ ಒಮ್ಮೆಲೇ ಕುಗ್ಗುತ್ತವೆ. ಚರ್ಮದ ಮೇಲೆ ಕಾಣುವ ಅದುರು ಇದೇ. ಕೈಕಾಲನ್ನು ಎತ್ತುವಷ್ಟು ಬಲ ಅದಕ್ಕಿಲ್ಲ. ನಿರಪಾಯಕಾರಿ ಅದುರಿನಲ್ಲಿ ಈ ಮಿಡಿತ ಬಹುಮಟ್ಟಿಗೆ ಸ್ನಾಯುವಿನ ಸಮೀಪದ ನರದ ತುದಿಕವಲುಗಳಲ್ಲಿ ಹುಟ್ಟುತ್ತದೆ. ಅಲ್ಲಿ ನರ ಸ್ವಲ್ಪ ಕೆರಳಿರುತ್ತದೆ, ಅಷ್ಟೇ, ಸತ್ತಿರುವುದಿಲ್ಲ.

ನರ ಕೆರಳಲು ಕಾರಣಗಳು ಹಲವು: ನಿದ್ದೆಗೇಡು, ಕಾಫಿಯ ಅತಿ ಸೇವನೆ, ಮೈದಣಿಸುವ ವ್ಯಾಯಾಮ, ಜ್ವರದ ನಂತರದ ನಿತ್ರಾಣ, ಆಸ್ತಮಾಕ್ಕೆ ಸೇದುವ ಸಾಲ್ಬುಟಮಾಲ್‌ನಂಥ ಔಷಧ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕೊರತೆ. ಇವುಗಳ ಜೊತೆ ಮನಸ್ಸಿನ ಆತಂಕವೂ ತುಂಬ ಸಾಮಾನ್ಯವಾದ ಕಾರಣ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಿರುವ, ವಿಮಾನ ಮತ್ತು ಉಪಗ್ರಹ ಉದ್ಯಮದ ಊರಾದ ಎಲ್ ಸೆಗುಂಡೋದಲ್ಲಾಗಲಿ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಾಗಲಿ, ದಿನವಿಡೀ ಪರದೆಯ ಮುಂದೆ ಕುಳಿತು, ಹೊತ್ತುಗೊತ್ತಿಲ್ಲದೆ ಕಾಫಿ ಕುಡಿದು, ಭೂಮಿಯ ಇನ್ನೊಂದು ಮಗ್ಗುಲಿನ ಸಹೋದ್ಯೋಗಿಗಳೊಂದಿಗೆ ನಡುರಾತ್ರಿ ಮೀಟಿಂಗ್ ಮುಗಿಸಿ ಮಲಗುವವರಲ್ಲಿ ಈ ಕಾರಣಗಳ ಪೈಕಿ ಮೂರ್ನಾಲ್ಕು ಒಟ್ಟಿಗೇ ಸೇರಿರುತ್ತವೆ.

ಒಂದು ಸಂದರ್ಭವನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಬೇಕು. ಹೊಲಕ್ಕೆ ಕೀಟನಾಶಕ ಹೊಡೆದವರಿಗೆ ಮೈಯೆಲ್ಲ ಅದುರುವುದರ ಜೊತೆಗೆ ಬೆವರು, ಜೊಲ್ಲು, ವಾಂತಿ, ಉಬ್ಬಸ ಕಾಣಿಸಿಕೊಂಡರೆ ಅದು ಆರ್ಗನೊಫಾಸ್ಫೇಟ್ ವಿಷಬಾಧೆ. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎಷ್ಟು ಜನರಲ್ಲಿ ಕಾಣುತ್ತದೆ?

ಅಮೆರಿಕದ ರೀಡ್ ಮತ್ತು ಕರ್ಲೆಂಡ್ 1963ರಲ್ಲಿ ಆರೋಗ್ಯವಂತರ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಸುಮಾರು ಶೇಕಡಾ 70 ಮಂದಿ ತಮಗೆ ಅದುರಿನ ಅನುಭವವಿದೆ ಎಂದಿದ್ದರು. ಇನ್ನೂ ಹೆಚ್ಚು ಧೈರ್ಯ ಕೊಡುವ ಅಧ್ಯಯನ ಮೇಯೊ ಕ್ಲಿನಿಕ್‌ನಿಂದ 1993ರಲ್ಲಿ ಬಂತು. ನಿರಪಾಯಕಾರಿ ಅದುರು ಎಂದು ಗುರುತಿಸಲಾಗಿದ್ದ 121 ಜನರನ್ನು 2ರಿಂದ 32 ವರ್ಷಗಳ ನಂತರ ವಿಚಾರಿಸಿದಾಗ, ಅವರಲ್ಲಿ ಒಬ್ಬರಿಗೂ ಚಾಲಕ ನರಕೋಶದ ಕಾಯಿಲೆ ಬಂದಿರಲಿಲ್ಲ. ಎಷ್ಟೋ ಮಂದಿಗೆ ಅದುರು ಉಳಿದುಕೊಂಡಿತ್ತು, ಕಾಯಿಲೆ ಮಾತ್ರ ಇರಲಿಲ್ಲ. ಅದುರು ನಿಲ್ಲದಿದ್ದರೆ ರೋಗವೇ ಇರಬೇಕು ಎಂಬ ಎಣಿಕೆ ತಪ್ಪೆಂದು ಇದರಿಂದ ತಿಳಿಯುತ್ತದೆ.

ಎಎಲ್‌ಎಸ್ ಇದಕ್ಕಿಂತ ಹೇಗೆ ಬೇರೆ?

ಎಎಲ್‌ಎಸ್‌ನಲ್ಲಿ ಚಾಲಕ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಹೊಸದಾಗಿ ಬರುವ ಕಾಯಿಲೆ ಇದು. 1939ರಲ್ಲಿ ಬೇಸ್‌ಬಾಲ್ ಆಟಗಾರ ಲೂ ಗೆರಿಗ್‌ಗೆ ಈ ರೋಗ ಪತ್ತೆಯಾದ ಮೇಲೆ ಅಮೆರಿಕದಲ್ಲಿ ಅದು ಅವನ ಹೆಸರಿನಿಂದಲೇ ಕರೆಸಿಕೊಂಡಿತು. 2014ರ ಐಸ್ ಬಕೆಟ್ ಚಾಲೆಂಜ್ ಅದನ್ನು ಜಗತ್ತಿನ ಎಲ್ಲ ಮೊಬೈಲುಗಳಿಗೂ ತಲುಪಿಸಿತು. ಅರಿವು ಹರಡಿತು, ಅದರ ಬೆನ್ನಿಗೇ ಭಯವೂ ಹರಡಿತು.

ಎಎಲ್‌ಎಸ್ ರೋಗಿ ವೈದ್ಯರ ಬಳಿ ಹೋಗುವುದು ಸಾಮಾನ್ಯವಾಗಿ ಅದುರಿನ ದೂರು ಹೊತ್ತು ಅಲ್ಲ. ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ, ಬೀಗದಲ್ಲಿ ಕೀಲಿಕೈ ತಿರುಗುತ್ತಿಲ್ಲ, ಕಾಲಿನಿಂದ ಚಪ್ಪಲಿ ಜಾರುತ್ತಿದೆ, ನಾಲಿಗೆ ತೊದಲುತ್ತಿದೆ, ನುಂಗುವಾಗ ನೀರು ನೆತ್ತಿಗೇರುತ್ತಿದೆ - ದೂರುಗಳು ಇಂಥವು. ಬಲ ಕುಗ್ಗಿರುತ್ತದೆ, ಸ್ನಾಯು ಸೊರಗಿರುತ್ತದೆ; ಅದುರನ್ನು ಎಷ್ಟೋ ವೇಳೆ ಮೊದಲು ಗಮನಿಸುವವರೇ ವೈದ್ಯರು. ಅದುರೊಂದೇ ಮೊದಲ ಲಕ್ಷಣವಾಗುವುದು ಅಪರೂಪ. ಹಾಗಾದರೂ ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಬಲಹೀನತೆ ಅದರ ಜೊತೆ ಸೇರುತ್ತದೆ. ಆದ್ದರಿಂದ ನೋಡಬೇಕಾದದ್ದು ಸ್ನಾಯು ಎಷ್ಟು ಸಲ ಅದುರಿತು ಎಂಬುದನ್ನಲ್ಲ, ಅದು ತನ್ನ ಕೆಲಸ ಮಾಡುತ್ತಿದೆಯೇ ಎಂಬುದನ್ನು.

ಸ್ನಾಯು ಸೊರಗಿದ ಮಾತ್ರಕ್ಕೂ ಎಎಲ್‌ಎಸ್ ಎಂದು ತೀರ್ಮಾನಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ ಮಾನೋಮೆಲಿಕ್ ಅಮಿಯೋಟ್ರೊಫಿ ಹೆಚ್ಚಾಗಿ ಯುವಕರಲ್ಲಿ ಕಾಣುತ್ತದೆ. ಒಂದು ಕೈ ಅಥವಾ ಒಂದು ಕಾಲು ಕೆಲವು ವರ್ಷ ಸೊರಗಿ ಆಮೇಲೆ ಅಲ್ಲಿಗೇ ನಿಲ್ಲುತ್ತದೆ. ಇಂಥ ವ್ಯತ್ಯಾಸವನ್ನು ತಿಳಿಯಬಲ್ಲವರು ನರರೋಗ ತಜ್ಞರು. ಹುಡುಕು ತಾಣಗಳಿಗೆ ಅದು ಸಾಧ್ಯವಿಲ್ಲ.

ತಪಾಸಣೆಯಲ್ಲಿ ವೈದ್ಯರು ಬಟ್ಟೆ ಸರಿಸಿ ಸ್ನಾಯುಗಳನ್ನು ನೋಡುತ್ತಾರೆ, ಒಂದೊಂದರ ಬಲವನ್ನೂ ಪರೀಕ್ಷಿಸುತ್ತಾರೆ, ಮೊಣಕಾಲಿಗೆ ಸುತ್ತಿಗೆ ತಟ್ಟುತ್ತಾರೆ. ಅಗತ್ಯವೆನಿಸಿದರೆ ಇಎಂಜಿ ಮಾಡಿಸುತ್ತಾರೆ. ಸ್ನಾಯುವಿಗೆ ಚುಚ್ಚಿದ ಸಣ್ಣ ಸೂಜಿ ವಿದ್ಯುತ್ ಮಿಡಿತವನ್ನು ಹಿಡಿದು ಪರದೆಯ ಮೇಲೆ ಗೆರೆಯಾಗಿ, ಸ್ಪೀಕರಿನಲ್ಲಿ ಸದ್ದಾಗಿ ಕೊಡುತ್ತದೆ. ಅದುರಿನ ಸದ್ದು ತಗಡಿನ ಮಾಡಿನ ಮೇಲೆ ಬಿಟ್ಟು ಬಿಟ್ಟು ಬೀಳುವ ದಪ್ಪ ಹನಿಗಳಂತೆ ಕೇಳುತ್ತದೆ. ನರ ಕಡಿದುಹೋದ ತಂತುಗಳು ಇದಕ್ಕಿಂತ ಸಣ್ಣ, ಕ್ರಮಬದ್ಧವಾದ ಸದ್ದನ್ನು ಹೊರಡಿಸುತ್ತವೆ. ಆ ಎರಡನೆಯ ಗುರುತಾಗಲಿ, ಹಳೆಯ ನಷ್ಟದ ಕುರುಹಾಗಲಿ ಇಲ್ಲದೆ, ಬಲವೂ ಸರಿಯಾಗಿದ್ದರೆ ಅದುರು ನಿರಪಾಯಕಾರಿ ಎಂದು ವೈದ್ಯರು ನಿರ್ಧರಿಸುತ್ತಾರೆ.

ಭಯದ ಸುತ್ತು

ಈ ಭಯಕ್ಕೆ ಓದು ಬರಹ ಅಡ್ಡಿಯಲ್ಲ. ಆಸ್ಟ್ರೇಲಿಯಾದ ಸೈಮನ್ ಮತ್ತು ಕೀರ್ನನ್ 2013ರಲ್ಲಿ ವೈದ್ಯರಲ್ಲೇ ಕಂಡ ಅದುರಿನ ಆತಂಕವನ್ನು ಒಂದು ಲಕ್ಷಣಕೂಟವೆಂದು ವರ್ಣಿಸಿದರು. ಕಾಯಿಲೆಯ ಹೆಸರು ಗೊತ್ತಿದ್ದಷ್ಟೂ ಅಂಜಿಕೆ ಹೆಚ್ಚು.

ಸುತ್ತು ನಡೆಯುವ ಕ್ರಮ ಹೀಗಿದೆ. ಅದುರು ಕಾಣುತ್ತದೆ, 'ಇದು ಅದೇ ರೋಗವೇ?' ಎಂಬ ಯೋಚನೆ ಬರುತ್ತದೆ. ದೇಹ ಅಡ್ರಿನಲಿನ್ ಸುರಿಸುತ್ತದೆ, ನಿದ್ದೆ ಕೆಡುತ್ತದೆ, ನರ ಮತ್ತಷ್ಟು ಕೆರಳುತ್ತದೆ, ಅದುರು ಹೆಚ್ಚುತ್ತದೆ. ಗಮನವೂ ಅಲ್ಲೇ ನೆಟ್ಟಿರುವುದರಿಂದ ಮೊದಲು ಅರಿವಿಗೇ ಬಾರದಿದ್ದ ಸಣ್ಣ ಮಿಡಿತಗಳೂ ಎದ್ದು ಕಾಣುತ್ತವೆ. ಆಗ ಪರೀಕ್ಷೆ ಶುರು: ತುದಿಗಾಲಲ್ಲಿ ನಡೆದು ನೋಡುವುದು, ಎರಡೂ ಕೈಗಳ ದಪ್ಪ ಅಳೆಯುವುದು, ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುವುದು, ಮತ್ತೆ ಮತ್ತೆ ಹುಡುಕುವುದು, ಮನೆಯವರನ್ನು ಕೇಳುವುದು. ಪದೇ ಪದೇ ಪರೀಕ್ಷಿಸಿದ ಸ್ನಾಯು ಸೋತು ನೋಯುತ್ತದೆ. ಆ ಸೋಲನ್ನೇ ಬಲಹೀನತೆ ಎಂದು ಮನಸ್ಸು ಓದಿಕೊಳ್ಳುತ್ತದೆ. ಯಾರೋ ಏನೂ ಇಲ್ಲ ಎಂದಾಗ ಸಿಗುವ ಸಮಾಧಾನ ಸಂಜೆಯೊಳಗೆ ಕರಗುತ್ತದೆ. ಸಮಾಧಾನವನ್ನು ಹೀಗೆ ಬೇಡುತ್ತಲೇ ಇರುವುದು ಭಯವನ್ನು ಬದುಕಿಸುತ್ತದೆ ಎಂದು ಬ್ರಿಟನ್ನಿನ ವಾರ್ವಿಕ್ ಮತ್ತು ಸಾಲ್ಕೋವ್‌ಸ್ಕಿಸ್ 1980ರ ದಶಕದಲ್ಲೇ ತೋರಿಸಿಕೊಟ್ಟರು.

ಪರಿಹಾರ

ಆರೋಗ್ಯದ ಆತಂಕಕ್ಕೆ ಒಳ್ಳೆಯ ಆಧಾರವಿರುವ ಚಿಕಿತ್ಸೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ. ಬ್ರಿಟನ್ನಿನ ಪೀಟರ್ ಟೈರರ್ ಮತ್ತು ಸಂಗಡಿಗರು 444 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದರ ಗುಣ 5 ವರ್ಷಗಳ ನಂತರವೂ ಉಳಿದಿತ್ತು. ಆತಂಕ ತೀವ್ರವಾಗಿದ್ದರೆ ಮನೋವೈದ್ಯರು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನೂ ಕೊಡುತ್ತಾರೆ.

ಚಿಕಿತ್ಸೆಯ ಸಾರವನ್ನು ಮನೆಯಲ್ಲೂ ಪಾಲಿಸಬಹುದು. ಮೊದಲಿಗೆ ಒಬ್ಬ ನರರೋಗ ತಜ್ಞರಿಂದ ಸರಿಯಾದ ತಪಾಸಣೆ ಮಾಡಿಸಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಇನ್ನೊಬ್ಬ, ಮತ್ತೊಬ್ಬ ವೈದ್ಯರನ್ನು ಹುಡುಕಿಕೊಂಡು ಅಲೆಯಬಾರದು. ಬಲ ಪರೀಕ್ಷಿಸಿಕೊಳ್ಳುವುದನ್ನೂ ಜಾಲದಲ್ಲಿ ಹುಡುಕುವುದನ್ನೂ ಮೊದಲು ಮುಂದೂಡಿ, ದಿನದಿಂದ ದಿನಕ್ಕೆ ಕಡಿಮೆ ಮಾಡಿ, ಕೊನೆಗೆ ಬಿಡಬೇಕು. ಮೊದಲ ಕೆಲವು ದಿನ ಚಡಪಡಿಕೆ ಏರುತ್ತದೆ. ಅದಕ್ಕೆ ಮಣಿಯದಿದ್ದರೆ ತಾನಾಗಿ ಇಳಿಯುತ್ತದೆ. ಅದುರು ಕಂಡಾಗ ಅದನ್ನು ನಿಲ್ಲಿಸಲು ಹೋಗದೆ, ಕೈಯಲ್ಲಿದ್ದ ಕೆಲಸ ಮುಂದುವರಿಸಬೇಕು. ನಿದ್ದೆಯ ಹೊತ್ತನ್ನು ಕಾಯ್ದುಕೊಂಡು, ಮಧ್ಯಾಹ್ನದ ನಂತರ ಕಾಫಿ ಬಿಟ್ಟು, ಹಿತಮಿತವಾಗಿ ನಡಿಗೆ, ವ್ಯಾಯಾಮ ಇಟ್ಟುಕೊಳ್ಳಬೇಕು. ಮನೆಯವರು ಗದರಬಾರದು, ದಿನಕ್ಕೆ ಹತ್ತು ಸಲ 'ಏನೂ ಆಗಿಲ್ಲ' ಎಂದೂ ಹೇಳಬಾರದು. ಒಮ್ಮೆ ಕೇಳಿಸಿಕೊಂಡು ಮಾತನ್ನು ಬೇರೆಡೆ ಹೊರಳಿಸುವುದೇ ನೆರವು.

ಯಾವುದಾದರೂ ಒಂದು ಅಂಗ ನಿತ್ಯದ ಕೆಲಸದಲ್ಲಿ ಸೋಲುತ್ತಿದ್ದರೆ, ಸ್ನಾಯು ಕಣ್ಣಿಗೆ ಕಾಣುವಂತೆ ಸೊರಗಿದ್ದರೆ, ಮಾತು ಅಥವಾ ನುಂಗುವುದು ಕಷ್ಟವಾದರೆ ಮಾತ್ರ ಮತ್ತೆ ವೈದ್ಯರನ್ನು ಕಾಣಬೇಕು.

ಭಯ ಒಬ್ಬರ ಕೈಮೀರಿದಾಗ ನೆರವು ಕೇಳಲು ಸಂಕೋಚ ಬೇಡ. ಭಾರತದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಹಣ ಕೊಡಬೇಕಿಲ್ಲ. ಅಮೆರಿಕದಲ್ಲಿ, ಲಾಸ್ ಏಂಜಲೀಸ್ ಇರಲಿ ಸ್ಯಾನ್ ಡಿಯಾಗೋ ಇರಲಿ, ಮೊದಲು ಕಾಣಬೇಕಾದವರು ಮನೆಯ ವೈದ್ಯರು. ಸಂಕಟ ತಡೆಯಲಾರದ ಮಟ್ಟ ಮುಟ್ಟಿದರೆ 988 ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ತಪಾಸಣೆ ಸರಿಯಾಗಿದ್ದ ಮೇಲೆ ಚಿಕಿತ್ಸೆ ಬೇಕಾಗಿರುವುದು ಅದುರಿಗಲ್ಲ, ಭಯಕ್ಕೆ, ಅದು ವಾಸಿಯಾಗುವಂಥದ್ದು.