ಮೂರು ಶಿಫ್ಟಿನ ಸೀಮೆ

ಮದುವೆಗೆ ಕರೆಯಲು ಹೋದರೆ ಮುಹೂರ್ತ ಕೇಳುವ ಮೊದಲೇ ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿ, ‘ಆ ವಾರ ನಂದು ಯಾವ ಶಿಫ್ಟ್ ಬರ್ತದೋ ನೋಡ್ಬೇಕ್ರಿ’ ಎನ್ನುವ ಮನೆಗಳು ವಾಡಿ, ಶಹಾಬಾದ, ಸೇಡಂಗಳಲ್ಲಿ ಬೇಕಾದಷ್ಟಿವೆ. ಬದಲಾವಣೆಯನ್ನು ಹೇಳಲು ಇಂಗ್ಲಿಷಿನಲ್ಲಿ ಹತ್ತಾರು ಮಾತುಗಳಿವೆ. ಕಲಬುರಗಿ ಜಿಲ್ಲೆಯ ಈ ಭಾಗ ಅವುಗಳಲ್ಲಿ ಎರಡನ್ನು ಮನೆಮಾತು ಮಾಡಿಕೊಂಡಿದೆ. ಒಂದನ್ನು ರೈಲು ತಂದಿತು, ಇನ್ನೊಂದನ್ನು ಸಿಮೆಂಟು.

ರೈಲಿನದು ಸರಳ ಕಥೆ. ಮುಂಬಯಿ ಕಡೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಯಿತು. ಅಂದಿನಿಂದ ವಾಡಿ ಎಂದರೆ ‘ಚೇಂಜ್’ ಆಗುವ ಊರು. ಇಳಿದು, ಗಂಟುಮೂಟೆ ಹೊತ್ತು, ಇನ್ನೊಂದು ಗಾಡಿ ಹತ್ತಬೇಕು.

ಶಿಫ್ಟ್ ಅಷ್ಟು ಸುಲಭದ್ದಲ್ಲ. ಅದು ಬಂದದ್ದು ಕಲ್ಲಿನ ಬೆನ್ನು ಹತ್ತಿ. ಶಹಾಬಾದ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಊರವರಿಗೆ ಅದು ‘ಫರಸಿ’. ಅದೇ ಸುಣ್ಣಕಲ್ಲನ್ನು ಸುಟ್ಟರೆ ಸಿಮೆಂಟು. ಶಹಾಬಾದದ ಸಿಮೆಂಟ್ ಕಂಪನಿ ಹುಟ್ಟಿದ್ದು 1920ರ ದಶಕದಲ್ಲಿ. 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆದಾಗ ಅದೂ ಅದರೊಳಗೆ ಹೋಯಿತು. ಆಮೇಲೆ ವಾಡಿ, ಮಳಖೇಡ, ಸೇಡಂ, ಚಿತ್ತಾಪುರದ ಇಟಗಾ, ಚಿಂಚೋಳಿಯ ಕಲ್ಲೂರು, ಛತ್ರಸಾಲ ಎಂದು ಚಿಮಣಿಗಳು ಒಂದೊಂದಾಗಿ ಎದ್ದವು.

ಸಿಮೆಂಟಿನ ಕುಲುಮೆ, ಇಲ್ಲಿನವರ ಮಾತಿನಲ್ಲಿ ‘ಕಿಲ್ನ್’, ಸುತ್ತುತ್ತಲೇ ಇರುವ ಉದ್ದನೆಯ ಉಕ್ಕಿನ ಕೊಳವೆ. ಒಳಗಿನ ಸರಕು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ನಡುವೆ ಆರಿಸಿದರೆ ಒಳಗೋಡೆಯ ಅಗ್ನಿ ಇಟ್ಟಿಗೆ ಬಿರುಕು ಬಿಡುತ್ತದೆ. ಮತ್ತೆ ಹದಕ್ಕೆ ತರಲು ದಿನಗಟ್ಟಲೆ ಉರುವಲು ಸುಡಬೇಕು. ಹಾಗಾಗಿ ಯಂತ್ರ ನಿಲ್ಲುವಂತಿಲ್ಲ, ಮನುಷ್ಯನೇ ಬದಲಾಗಬೇಕು. ಬೆಳಿಗ್ಗೆ ಆರರಿಂದ ಎರಡು ಫಸ್ಟ್, ಎರಡರಿಂದ ರಾತ್ರಿ ಹತ್ತು ಸೆಕೆಂಡ್, ಹತ್ತರಿಂದ ಮುಂಜಾನೆ ಆರು ನೈಟ್. ಆಫೀಸಿನವರದು ‘ಜನರಲ್’, ಆ ಮಾತಿನಲ್ಲೇ ಒಂದಿಷ್ಟು ದೊಡ್ಡಸ್ತಿಕೆ.

1948ರ ಕಾರ್ಖಾನೆಗಳ ಕಾಯ್ದೆ ಇದನ್ನು ಅಚ್ಚುಕಟ್ಟಾಗಿ ವಿವರಿಸಿತ್ತು. ಒಂದೇ ಬಗೆಯ ಕೆಲಸವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ತಂಡ ಮಾಡಿದರೆ ತಂಡಕ್ಕೆ ‘ರಿಲೇ’, ಹೊತ್ತಿಗೆ ‘ಶಿಫ್ಟ್’ ಎಂದು ಹೆಸರು. ಕಾಯ್ದೆಯ ‘ರಿಲೇ’ ಯಾರ ಬಾಯಿಗೂ ಹತ್ತಲಿಲ್ಲ, ‘ರಿಲೀವರ್’ ಹತ್ತಿತು. ಕೈ ಬದಲಿಸಲು ಬರಬೇಕಾದ ಮನುಷ್ಯ ಆತ. ಆತ ಬರದಿದ್ದರೆ ಇದ್ದವನೇ ‘ಡಬಲ್’ ಮಾಡಬೇಕು. ಸತತ ಹದಿನಾರು ತಾಸು!

ನೈಟ್ ಶಿಫ್ಟಿನ ನಿಜವಾದ ಭಾರ ಬೀಳುವುದು ಹಗಲಿನ ಮೇಲೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿ ಉರಿಯುವ ಸೀಮೆ ಇದು. ಮಾಳಿಗೆಗೂ ಫರಸಿ ಹೊದಿಸಿದ ಮನೆಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚುವುದೆಂದರೆ ಅದೂ ಒಂದು ದುಡಿಮೆಯೇ. ಹೆಂಡತಿ ಕುಕ್ಕರಿನ ಸೀಟಿ ಹೊಡೆಸುವಂತಿಲ್ಲ, ಮಕ್ಕಳು ಅಂಗಳದಲ್ಲಿ ಗದ್ದಲ ಮಾಡುವಂತಿಲ್ಲ. ಸಂಬಳದ ಚೀಟಿಯಲ್ಲಿ ಹೆಸರು ಒಬ್ಬರದೇ ಇದ್ದರೂ ಶಿಫ್ಟ್ ಮಾಡುವುದು ಇಡೀ ಮನೆ.

ಶಿಫ್ಟಿಗೆ ಕನ್ನಡದ ಮಾತಿರಲಿಲ್ಲವೇ? ಇತ್ತು. ಕಾಲುವೆ ನೀರಿಗೆ ಪಾಳಿ, ಗುಡಿಯ ಪೂಜೆಗೆ ಪಾಳಿ, ಹಿಟ್ಟಿನ ಗಿರಣಿಯ ಮುಂದೆ ನಿಂತರೂ ಪಾಳಿ. ಪತ್ರಿಕೆಗಳು ‘ರಾತ್ರಿ ಪಾಳಿ’ ಎಂದೇ ಬರೆಯುತ್ತವೆ. ‘ಬದ್ಲಿ’ ಕೂಡ ಇತ್ತು. ಆದರೆ ಮಾಸ್ತರರ ವರ್ಗಾವಣೆ ಆ ಮಾತನ್ನು ಹಿಡಿದುಕೊಂಡಿತು. ಗಿರಣಿಗಳಲ್ಲಿ ಕಾಯಂ ನೌಕರ ಬಾರದ ದಿನ ಅವನ ಜಾಗಕ್ಕೆ ನಿಲ್ಲುವ ಆಳು ‘ಬದ್ಲಿ’ ಆದ. ಕೈಗಾರಿಕಾ ವಿವಾದ ಕಾಯ್ದೆಯ ಇಂಗ್ಲಿಷಿಗೂ ಈ ‘ಬದ್ಲಿ’ ನುಗ್ಗಿದ್ದು ನನಗೆ ಖುಷಿಯ ಸಂಗತಿ. ಅಲ್ಲಿಂದ ಶಿಫ್ಟ್ ಬಂತು, ಇಲ್ಲಿಂದ ಬದ್ಲಿ ಹೋಯಿತು, ಲೆಕ್ಕ ಚುಕ್ತಾ. ಹಳೆಯ ಇಂಗ್ಲಿಷಿನಲ್ಲಿ ಶಿಫ್ಟಿನ ಮೂಲ ಅರ್ಥ ಪಾಲು ಮಾಡು, ಹಂಚು ಎಂದಂತೆ. ದಿನವನ್ನು ಮೂರು ಪಾಲು ಮಾಡುವ ಕೆಲಸಕ್ಕೆ ಅದು ಸರಿಯಾಗಿಯೇ ಒದಗಿತು.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಸಂಸ್ಕೃತವನ್ನೂ ಕನ್ನಡವನ್ನೂ ವಿವೇಚನೆಯಿಲ್ಲದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದು ಎಚ್ಚರಿಸಿದ ಗ್ರಂಥ ಅದು. ಇಂದು ಅದೇ ಕಾಗಿಣಾ ದಂಡೆಯ ಸೀಮೆಯಲ್ಲಿ ‘ನೈಟ್ ಮಾಡಿ ಬಂದೀನಿ, ಡಬಲ್ ಆಗಂಗಿಲ್ಲ’ ಎಂಬ ಮಾತು ಕೇಳಿಸುತ್ತದೆ. ಹಾಲು ಒಡೆದಂತೇನೂ ಕಾಣುವುದಿಲ್ಲ. ಕ್ರಿಯಾಪದ ಗಟ್ಟಿಯಾಗಿ ಕನ್ನಡದ್ದೇ ಇದ್ದರೆ ನಾಮಪದ ಎಲ್ಲಿಂದ ಬಂದರೂ ದಕ್ಕುತ್ತದೆ.

ಕಾರ್ಖಾನೆಯ ಬೋರ್ಡುಗಳೇನೋ ಈಚೆಗೆ ಬೇಗಬೇಗ ಬದಲಾಗುತ್ತಿವೆ. 2022ರಲ್ಲಿ ಎಸಿಸಿ ಅದಾನಿ ಗುಂಪಿನ ಕೈಗೆ ಹೋಯಿತು. 2025ರಲ್ಲಿ ಸೇಡಂನ ವಾಸವದತ್ತಾ ಅಲ್ಟ್ರಾಟೆಕ್‌ಗೆ ಸೇರಿತು, ಚಿತ್ತಾಪುರದ ಓರಿಯಂಟ್ ಅಂಬುಜಾ ಪಾಲಾಯಿತು. ಮಾಲೀಕರು ಹೋಗಿ ಬಂದರೂ ಗೇಟಿನಲ್ಲಿ ಆರು, ಎರಡು, ಹತ್ತರ ಲೆಕ್ಕ ತಪ್ಪಿಲ್ಲ. ಮುಂದೆ ತಪ್ಪಬಹುದು. ವಾರಕ್ಕೆ 48 ತಾಸು ಮೀರದಂತೆ ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಲು ದಾರಿ ಮಾಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ತಂದಿತು. ಮೂರು ಶಿಫ್ಟ್ ಎರಡಾದರೆ ಮೂರನೆಯ ತಂಡದ ಗತಿ ಏನೆಂದು ಕಾರ್ಮಿಕ ಸಂಘಗಳು ಕೇಳುವುದರಲ್ಲಿ ತಪ್ಪೇನಿದೆ?

ಕಾರ್ಖಾನೆಯ ಕಾಂಪೌಂಡು ದಾಟಿದ ಮೇಲೆ ಈ ಮಾತಿನ ಮರ್ಯಾದೆ ಇನ್ನೂ ಏರಿತು. ಬಾಡಿಗೆ ಮನೆ ಬಿಟ್ಟವರು ‘ಶಿಫ್ಟ್ ಆದ್ರು’. ಪೇಷಂಟನ್ನು ಸೋಲಾಪುರಕ್ಕೋ ಹೈದರಾಬಾದಿಗೋ ‘ಶಿಫ್ಟ್ ಮಾಡ್ಯಾರ’. ಮಗನ ಐಟಿ ನೌಕರಿಯ ಬೆನ್ನಿಗೆ ತಂದೆತಾಯಿ ‘ಬೆಂಗಳೂರಿಗೆ ಶಿಫ್ಟ್ ಆಗ್ಯಾರ’.

ಆದರೆ ತೊಗರಿ ರಾಶಿ ಮುಗಿದ ಮೇಲೆ ಚಿಂಚೋಳಿಯ ತಾಂಡಾಗಳಿಂದ ಹೆಂಡತಿ ಮಕ್ಕಳೊಂದಿಗೆ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುವವರನ್ನು ಯಾರೂ ಶಿಫ್ಟ್ ಆದರು ಎನ್ನುವುದಿಲ್ಲ. ಅವರು ‘ಗುಳೆ’ ಹೋದವರು. ಶಿಫ್ಟ್ ಆದವರು, ಗುಳೆ ಹೋದವರು, ಇಬ್ಬರೂ ಮನೆಗೆ ಬೀಗ ಹಾಕಿಯೇ ಹೋಗಿರುತ್ತಾರೆ. ತಿಂಗಳ ಸಂಬಳವಿದ್ದವನಿಗೆ ಇಂಗ್ಲಿಷ್ ಮಾತು, ದಿನಗೂಲಿಯವನಿಗೆ ಬರಗಾಲದ ಮಾತು. ಅವರು ಕಲಸುವ ಸಿಮೆಂಟು ಅವರ ತಾಲ್ಲೂಕಿನದೇ ಇದ್ದರೂ ಇರಬಹುದು. ಮನೆಯ ಹತ್ತಿರದಲ್ಲೇ ಕಾರ್ಖಾನೆ ಇದ್ದೂ ಹೋಗುವುದೇಕೆ ಎಂದರೆ, ಕಂಟ್ರೋಲ್ ರೂಮಿನ ಪರದೆಗಳ ಮುಂದೆ ಕೂತು ಕಿಲ್ನ್ ನಡೆಸುವ ಹೊಸ ಕಾರ್ಖಾನೆಗೆ ಒಂದು ಶಿಫ್ಟಿಗೆ ಬೇಕಾಗುವ ಜನ ಶಹಾಬಾದದ ಹಳೆಯ ದಿನಗಳಿಗಿಂತ ಬಹಳ ಕಡಿಮೆ.