ಬಯಲುಸೀಮೆಗೆ ಬಂಡಿ ಕಟ್ಟುವ ಮೊದಲು

ಪ್ರವಾಸವನ್ನು ಕುರಿತ ನಮ್ಮ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ವಿಷಯಗಳೇ ಹೆಚ್ಚು. ಅವುಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕಳೆದ ಬೇಸಿಗೆ ರಜೆಯಲ್ಲಿ ಮಧುರೆಯ ನಮ್ಮ ಮನೆಯ ಜಗಲಿಯ ಮೇಲೆ ಅಕ್ಕನ ಮಕ್ಕಳೂ ಅವರ ಕಾಲೇಜು ಗೆಳೆಯರೂ ಸೇರಿದ್ದರು. ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ನನ್ನ ಚಿಕ್ಕಪ್ಪನ ಮಗ ವೀಡಿಯೊ ಒಂದನ್ನು ಕಳುಹಿಸಿದ್ದ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಇರುವ ವ್ಯಾನಿನಲ್ಲಿ ಸಂಸಾರ ಸಮೇತ ಫೀನಿಕ್ಸ್‌ನಿಂದ ಹೊರಟು, ಗ್ರ್ಯಾಂಡ್ ಕ್ಯಾನಿಯನ್ ನೋಡಿಕೊಂಡು ಯೂಟಾದ ಕೆಂಪು ಬಂಡೆಗಳ ಸೀಮೆಗೆ ಹೋದ ಚಿತ್ರ ಅದು. ನೋಡಿದ್ದೇ ತಡ, “ಮಾವ, ನಾವೂ ಹೀಗೆ ಹೋಗೋಣ. ನಮ್ಮಲ್ಲಿ ಮರುಭೂಮಿ ಎಲ್ಲಿದೆ?” ಎಂದು ಶುರುವಾಯಿತು.

ಮರುಭೂಮಿ ಎನ್ನಬೇಕಾದರೆ ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವಾಗಬೇಕು. ಕರ್ನಾಟಕದಲ್ಲಿ ಅಂಥದ್ದಿಲ್ಲ. ಆದರೆ ಮಧುರೆಯಿಂದ ಅರ್ಧ ದಿನದ ಹಾದಿಯಲ್ಲಿ ಶಿರಾ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡಗಳ ಅರೆ ಶುಷ್ಕ ಬಯಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆಯಾಗುವಾಗ, ಅಲ್ಲಿಂದ ನೇರ ಗೆರೆಯಲ್ಲಿ 200 ಕಿಲೋಮೀಟರಿನೊಳಗಿರುವ ಚಳ್ಳಕೆರೆಗೆ 500 ಮಿಲಿಮೀಟರ್ ದಕ್ಕಿದರೆ ಪುಣ್ಯ. ಕಡಲ ಮೇಲಿನಿಂದ ಬರುವ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ, ಹೊತ್ತ ನೀರನ್ನೆಲ್ಲ ಪಶ್ಚಿಮದ ಮಗ್ಗುಲಲ್ಲೇ ಸುರಿಸಿಬಿಡುತ್ತದೆ. ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ, ಒಣಗಿ, ಕೈ ಖಾಲಿ ಮಾಡಿಕೊಂಡು ಬರುತ್ತದೆ. ಇದೇ ಮಳೆನೆರಳು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಹಿಂದೆ ಡೆತ್ ವ್ಯಾಲಿ ಒಣಗಿ ಬಿದ್ದಿರುವುದಕ್ಕೂ ಇದೇ ಮುಖ್ಯ ಕಾರಣ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾದದ್ದು ಅಲ್ಲಿಯೇ.

ಸರಿ, ಹೋಗುವುದೆಂದು ತೀರ್ಮಾನವಾಯಿತು. ಆರು ಜನ, ಜೊತೆಗೆ ಚಾಲಕ, ಮೂರು ದಿನ, ಹಿಂದಿನ ಸೀಟುಗಳನ್ನು ತೆಗೆದು ಹಲಗೆ ಮಂಚ ಹಾಕಿದ ಒಂದು ಬಾಡಿಗೆ ಟೆಂಪೋ ಟ್ರಾವೆಲರ್. ಅಮ್ಮ ಇದನ್ನೆಲ್ಲ ಕೇಳಿ ನಕ್ಕರು. ಅವರ ಕಾಲದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಒಳಗೆ ಹುಲ್ಲಿನ ಮೇಲೆ ಜಮಖಾನ, ಅಚ್ಚಿಗೆ ಕಟ್ಟಿದ ಲಾಟೀನು, ಬುತ್ತಿ, ಮೂರು ಕಲ್ಲಿನ ಒಲೆ. ಅದಕ್ಕೆ ಇಂಗ್ಲಿಷಿನ ಹೆಸರೊಂದು ಇರಲಿಲ್ಲ, ಅಷ್ಟೆ.

ದೂರದರ್ಶನದವರು ಹೊರಾಂಗಣ ಚಿತ್ರೀಕರಣಕ್ಕೆ ಮುನ್ನ ಒಮ್ಮೆ ಹೋಗಿ ಜಾಗ ನೋಡಿ ಬರುತ್ತೇವೆ. ಅದಕ್ಕೆ ನಮ್ಮಲ್ಲಿ ರೆಕ್ಕಿ ಎನ್ನುವುದು ರೂಢಿ. ರೆಕ್ಕಿಯ ಪುಸ್ತಕದಲ್ಲಿ ಮೊದಲ ಕಲಮು ನೋಟದ ಸೊಬಗಿನದಲ್ಲ. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು. ಅಮೆರಿಕದಲ್ಲಿ ಇಂಥ ವ್ಯಾನುಗಳಿಗೆಂದೇ ತಂಗುದಾಣಗಳಿವೆ, ನೀರು ವಿದ್ಯುತ್ತು ಎರಡೂ ಸಿಗುತ್ತವೆ. ನಮ್ಮ ಬಯಲಿನಲ್ಲಿ ಪೆಟ್ರೋಲ್ ಬಂಕು, ಗುಡಿಯ ಅಂಗಳ, ಶಾಲೆಯ ಮೈದಾನ, ಇವೇ ಗತಿ. ಕತ್ತಲಾಗುವ ಮೊದಲೇ ಊರು ಸೇರಿ, ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿ ಗಾಡಿ ನಿಲ್ಲಿಸಬೇಕು. ಕೇಳಿದವರಿಗೆ ಇಲ್ಲವೆಂದವರನ್ನು ನಾನು ಕಂಡಿಲ್ಲ. ಕೇಳದೆ ನಿಂತವರನ್ನು ನಡುರಾತ್ರಿ ಎಬ್ಬಿಸಿದ್ದನ್ನು ಕಂಡಿದ್ದೇನೆ.

ನೀರಿನ ಲೆಕ್ಕ ಮಕ್ಕಳಿಂದಲೇ ಮಾಡಿಸಿದೆ. ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಆದ್ದರಿಂದ ಬಾಯಾರಿಕೆಯನ್ನು ನಂಬಿ ಕೂರುವಂತಿಲ್ಲ. ಅಮೆರಿಕದ ಮರುಭೂಮಿ ಉದ್ಯಾನಗಳಲ್ಲಿ ಕುಡಿಯಲೆಂದೇ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್, ಇಟ್ಟುಕೊಳ್ಳಿರೆಂದು ಹೇಳುತ್ತಾರೆ. ಏಳು ಜನಕ್ಕೆ ಮೂರು ದಿನಕ್ಕೆ 84 ಲೀಟರ್. ಅಡಿಗೆಗೆ, ಪಾತ್ರೆಗೆ, ಕೈಕಾಲು ತೊಳೆಯಲು ತಲೆಗೆ ಇನ್ನೈದು ಲೀಟರಿನಂತೆ 105. ರೇಡಿಯೇಟರಿಗೂ ಸೇರಿಸಿ ಒಟ್ಟು 200 ಲೀಟರ್ ಎಂದಿಟ್ಟುಕೊಂಡೆವು. ನೀರು 200 ಲೀಟರೆಂದರೆ ತೂಕವೂ 200 ಕಿಲೋ, ಮೂವರು ದೊಡ್ಡವರ ಭಾರ! ಅದನ್ನು ಗಾಡಿಯ ತಲೆಯ ಮೇಲೇರಿಸಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಒಂದೇ ದೊಡ್ಡ ಪೀಪಾಯಿಯಲ್ಲಿ ತುಂಬಿದರೆ, ಅರ್ಧ ಖಾಲಿಯಾದ ಮೇಲೆ ಬ್ರೇಕು ಒತ್ತಿದಾಗಲೆಲ್ಲ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ. ಪೀಪಾಯಿ ಸೋರಿದರೆ ಎಲ್ಲವೂ ಹೋಯಿತು. ಹಾಗಾಗಿ 20 ಲೀಟರಿನ ಹತ್ತು ಕ್ಯಾನುಗಳನ್ನು ಎರಡು ಅಚ್ಚುಗಳ ನಡುವೆ, ನೆಲಕ್ಕೆ ತಾಗಿಸಿ, ಹಗ್ಗ ಬಿಗಿದು ಇಟ್ಟೆವು.

ದಾರಿಯಲ್ಲಿ ನೀರು ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಆದರೆ ಪಾವಗಡದಂಥ ತಾಲ್ಲೂಕುಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗಳು ಸೆಡೆಯುತ್ತವೆ. ಎರಡು ದಿನ ಕುಡಿದು ಬರುವ ಪ್ರವಾಸಿಗೆ ಅದರಿಂದ ಅಪಾಯವಿಲ್ಲ. ಅಲ್ಲೇ ಹುಟ್ಟಿ ಬೆಳೆಯುವ ಮಕ್ಕಳಿಗೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಮತ್ತಷ್ಟು ಸಾಂದ್ರವಾಗುತ್ತದೆ ಎಂಬುದನ್ನು ರಸಾಯನಶಾಸ್ತ್ರ ಓದುವವರು ಗಮನಿಸಿ. ಅದಕ್ಕೇ ಅಲ್ಲಿನ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಪ್ರವಾಸಿಯೂ ಅಲ್ಲೇ ಸರದಿಯಲ್ಲಿ ನಿಲ್ಲಬೇಕು, ಊರಿನವರ ಕೊಡ ತುಂಬಿದ ಮೇಲೆ.

ನೀರನ್ನು ತಂಪಾಗಿಡಲು ಫ್ರಿಜ್ ಬೇಡ. ಹಿಂದೆ ಲಾರಿಗಳ ಮುಂದೆ ದಪ್ಪ ಬಟ್ಟೆಯ ನೀರಿನ ಚೀಲ ತೂಗುತ್ತಿತ್ತು. ಅಮೆರಿಕದ ರೂಟ್ 66 ಹೆದ್ದಾರಿಯಲ್ಲೂ ಕಾರುಗಳ ಮುಂದೆ ಅಂಥದೇ ಚೀಲ ಕಟ್ಟಿಕೊಂಡು ಮರುಭೂಮಿ ದಾಟುತ್ತಿದ್ದರು. ಚೀಲದಿಂದ ಜಿನುಗಿದ ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು, ಅದನ್ನು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಹತ್ತು ಲೀಟರ್ ಮಡಕೆ ನೀರು 10 ಡಿಗ್ರಿ ತಣ್ಣಗಾಗಲು ಲೆಕ್ಕದ ಪ್ರಕಾರ ಒಂದು ಲೋಟಕ್ಕಿಂತ ಕಡಿಮೆ ನೀರು ಆರಿದರೆ ಸಾಕು. ಮಂಗಳೂರಿನ ತೇವದ ಹವೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಚಳ್ಳಕೆರೆಯ ಒಣ ಗಾಳಿಯಲ್ಲಿ ಹಲ್ಲು ಜುಮ್ಮೆನ್ನುತ್ತದೆ.

ಟಯರಿನ ವಿಷಯದಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಬೆಳಗ್ಗೆ 27 ಡಿಗ್ರಿಯಲ್ಲಿ 50 ಪೌಂಡ್ ಗಾಳಿ ತುಂಬಿಸಿದ್ದೀರಿ ಎನ್ನಿ. ಕಾದ ರಸ್ತೆಯಲ್ಲಿ ಓಡಿ ಟಯರಿನೊಳಗಿನ ಗಾಳಿ 57 ಡಿಗ್ರಿಗೆ ಏರಿದರೆ ಒತ್ತಡ 56–57 ಪೌಂಡಿಗೆ ಹೋಗುತ್ತದೆ. ವಾಯುಮಂಡಲದ 15 ಪೌಂಡನ್ನೂ ಸೇರಿಸಿಕೊಂಡು, ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ಇದು ಸಹಜ ಏರಿಕೆ, ಟಯರು ತಡೆದುಕೊಳ್ಳುತ್ತದೆ. ಹೆದರಿ ಬಿಸಿ ಟಯರಿನಿಂದ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಗಾಳಿ ಕಡಿಮೆ. ಗಾಳಿ ಕಡಿಮೆಯಾದ ಟಯರಿನ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಬಾಗಿ, ಹೆಚ್ಚು ಕಾದು, ಸಿಡಿಯುವುದು ಆಗ.

ಇನ್ನು ಕಾಲ. ಮಾರ್ಚಿನಿಂದ ಮೇ ತನಕ ಬಿಸಿಲು. ನಿಲ್ಲಿಸಿದ ಗಾಡಿಯ ಗಾಜುಗಳು ಬೆಳಕನ್ನು ಒಳಬಿಟ್ಟು ಕಾದ ಗಾಳಿಯನ್ನು ಹೊರಬಿಡುವುದಿಲ್ಲವಾದ್ದರಿಂದ, ಹೊರಗೆ 35 ಡಿಗ್ರಿ ಇದ್ದರೆ ಒಳಗೆ ಒಂದು ಗಂಟೆಯಲ್ಲಿ 50 ದಾಟೀತು. “ಐದು ನಿಮಿಷ” ಎಂದು ಮಗುವನ್ನು ಒಳಗೆ ಬಿಟ್ಟುಹೋಗುವುದು ಬೇಡವೇ ಬೇಡ. ಸೆಪ್ಟೆಂಬರ್, ಅಕ್ಟೋಬರ್ ಈ ಸೀಮೆಗೆ ಮಳೆ ಬೀಳುವ ಕಾಲ. ಬರದ ನಾಡಿಗೆ ಹೋಗುವವರು ನೀರಿಗೆ ಏಕೆ ಹೆದರಬೇಕು ಎಂದು ಮಕ್ಕಳು ಕೇಳಿದರು. ಆಗ ನನ್ನದೇ ಕತೆಯನ್ನು ಹೇಳಬೇಕಾಯಿತು.

ಹದಿನೈದು ವರ್ಷಗಳ ಹಿಂದಿನ ಮಾತು. ಮೊಳಕಾಲ್ಮೂರಿನ ಕಡೆ ಚಿತ್ರೀಕರಣ ಮುಗಿಸಿ, ಹೊಂಗೆಯ ನೆರಳಿದೆಯೆಂದು ಒಣಗಿದ ಹಳ್ಳದ ಮರಳಿನ ಮೇಲೆ ವ್ಯಾನು ನಿಲ್ಲಿಸಿಸಿದವನು ನಾನೇ. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ದಡದಿಂದ, “ಏಯ್ ಸ್ವಾಮಿ, ಗಾಡಿ ಮ್ಯಾಕೆ ತಗೀರಿ, ಮ್ಯಾಲೆ ಮಳೆ ಆಗೈತೆ” ಎಂದು ಕೂಗಿದರು. ತಲೆಯ ಮೇಲೆ ಮೋಡದ ಚೂರೂ ಇರಲಿಲ್ಲ. ನಾನು ನಕ್ಕೆ. ಚಾಲಕ ನಗಲಿಲ್ಲ, ಗಾಡಿಯನ್ನು ಮೇಲೆ ಹತ್ತಿಸಿದ. ಮುಕ್ಕಾಲು ಗಂಟೆಯಲ್ಲಿ ಕಸಕಡ್ಡಿ ನೊರೆಯೊಂದಿಗೆ ಕೆಂಪು ನೀರು ಬಂತು. ಕೆಳಗೇ ಉಳಿದಿದ್ದ ನಮ್ಮ ದೀಪದ ಪೆಟ್ಟಿಗೆ ಮತ್ತೆ ಸಿಗಲಿಲ್ಲ. ಗಾಡಿಯೊಳಗೆ ಹಿಂದಿನ ಸೀಟಿನಲ್ಲಿ ನಮ್ಮ ಹುಡುಗನೊಬ್ಬ ಮಲಗಿದ್ದ ಎಂಬುದು ನನಗೆ ನೆನಪಾದದ್ದು ಆಮೇಲೆ.

ಬಂಡೆಯ ಗುಡ್ಡ, ಗಟ್ಟಿಯಾದ ಮೇಲ್ಮಣ್ಣು, ಅಲ್ಪ ಹಸಿರು: ಇಂಥಲ್ಲಿ ಬಿದ್ದ ಮಳೆ ಇಂಗದೆ ಓಡುತ್ತದೆ. ಅರಿಜೋನಾದ ಆಂಟೆಲೋಪ್ ಕ್ಯಾನಿಯನ್ ಎಂಬ ಕಿರುಕಣಿವೆಯಲ್ಲಿ 1997ರ ಆಗಸ್ಟ್ 12ರಂದು 11 ಜನ ಪ್ರವಾಸಿಗರು ತೀರಿಕೊಂಡದ್ದು ಹೀಗೆಯೇ. ಮಳೆ ಸುರಿದದ್ದು ಹಲವು ಕಿಲೋಮೀಟರ್ ದೂರದಲ್ಲಿ. ಹರಿಯುವ ಹಳ್ಳದಲ್ಲಿ ಗಾಡಿ ಇಳಿಸುವ ಧೈರ್ಯವಂತರಿಗೆ ಆರ್ಕಿಮಿಡೀಸನ ಲೆಕ್ಕ ಕೇಳಿ: 5 ಮೀಟರ್ ಉದ್ದ, 2 ಮೀಟರ್ ಅಗಲದ ವ್ಯಾನಿನ ತಳಕ್ಕೆ ನೀರು ಮುಟ್ಟಿದ ಮೇಲೆ, ಏರುವ ಪ್ರತಿ 10 ಸೆಂಟಿಮೀಟರ್ ನೀರೂ ಗಾಡಿಯನ್ನು ಒಂದು ಸಾವಿರ ಕಿಲೋ ಬಲದಿಂದ ಮೇಲೆತ್ತುತ್ತದೆ. ಒಳಗೆ ನೀರು ನುಗ್ಗುವ ಮೊದಲೇ ಮೂರು ಟನ್ನಿನ ಗಾಡಿ ಒಂದಡಿ ನೀರಿಗೆ ತೇಲಲು ಹವಣಿಸುತ್ತದೆ. ಚಕ್ರಕ್ಕೆ ನೆಲ ಸಿಗದ ಮೇಲೆ ಚಾಲಕನ ಜಾಣತನಕ್ಕೆ ಏನು ಕೆಲಸ?

ಡಿಸೆಂಬರನ್ನು ಆರಿಸಿಕೊಂಡೆವು. ಹಗಲು ಹಿತ, ರಾತ್ರಿ ಮಾತ್ರ ಚಳಿ. ಹವೆಯಲ್ಲಿ ನೀರಾವಿ ಕಡಿಮೆಯಿದ್ದಾಗ ನೆಲದ ಶಾಖ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಕಂಬಳಿ ಬೇಕು. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಇಂಜಿನ್ನನ್ನೋ ಜನರೇಟರನ್ನೋ ಓಡಿಸಿ ಮಲಗುವುದು ಸಾವನ್ನು ಕರೆದಂತೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಅಡಿಗೆ ಅನಿಲದ್ದು ಬೇರೆ ಗುಣ: ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಗಾಡಿಯ ತಳದಲ್ಲಿ ಮಡುಗಟ್ಟುತ್ತದೆ. ಹೀಗಾಗಿ ಅಡಿಗೆಯನ್ನು ಗಾಡಿಯ ಹೊರಗೇ ಇಟ್ಟುಕೊಂಡೆವು. ಹುಲ್ಲುಗಾವಲಿನಲ್ಲಿ ಅದೂ ಇಲ್ಲ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಹಾದಿ ಹೀಗಿತ್ತು. ಮಧುರೆಯಿಂದ ದಾಬಸ್‌ಪೇಟೆಗೆ ಹೋಗಿ ಹೆದ್ದಾರಿ ಸೇರಿ, ತುಮಕೂರು ದಾಟಿ ಶಿರಾ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. ಆ ಸೀಮೆಯ ಮಳೆಯ ಚರಿತ್ರೆಯೆಲ್ಲ ಈ ಎರಡು ಇಸವಿಗಳ ನಡುವೆ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ದೊಡ್ಡ ಭಾಗ ಈಗ ವಿಜ್ಞಾನ ಸಂಸ್ಥೆಗಳ ಬೇಲಿಯೊಳಗಿದೆ. ಚಂದ್ರಯಾನ-3ರ ಉಪಕರಣಗಳ ಪರೀಕ್ಷೆಗೆ ಇಸ್ರೋದವರು ಚಂದ್ರನ ಕುಳಿಗಳನ್ನು ಕೃತಕವಾಗಿ ತೋಡಿದ್ದು ಇಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ. ಒಳಗೆ ಪ್ರವೇಶವಿಲ್ಲ, ಹೊರಗಿನಿಂದಲೇ ಬಯಲು ನೋಡಿ ತೃಪ್ತಿಪಡಬೇಕು. ಎರಡನೆಯ ದಿನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಗುರುತಿಸಿದರು.

ಅಲ್ಲಿಂದ ಪಾವಗಡಕ್ಕೆ ರಾಯದುರ್ಗದ ಮೇಲೆ ಹೋಗುವುದಾದರೆ ಆಂಧ್ರದ ಗಡಿ ಎರಡು ಸಲ ದಾಟಬೇಕು. ಹಳದಿ ಫಲಕದ ಬಾಡಿಗೆ ಗಾಡಿಗೆ ಪರ್ಮಿಟ್ ಇದೆಯೇ ಎಂದು ಮೊದಲೇ ನೋಡಿ. ನಾವು ಚಳ್ಳಕೆರೆಗೆ ಮರಳಿ ಹೋದೆವು. ಪಾವಗಡದ ತಿರುಮಣಿ, ವಳ್ಳೂರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೌರ ಉದ್ಯಾನ ಹಬ್ಬಿದೆ. ರೈತರಿಂದ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಮೋಡ ಬಾರದಿರುವುದೇ ಇಲ್ಲಿ ಬೆಳೆಗೆ ಶಾಪ, ಫಲಕಕ್ಕೆ ವರ. ಅಕ್ಕನ ಮಗಳು, “ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರುತ್ತಾ ಮಾವ?” ಎಂದು ಕೇಳಿದಳು. ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಿಂದಿರುಗುವಾಗ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಗಳನ್ನು ನೋಡಿ, ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಮನೆ ಸೇರಿದೆವು. ಬೆಳಗ್ಗೆ ಚಪ್ಪಲಿ ಕೊಡವಿದಾಗ ಒಂದು ಚೇಳು ಸಿಕ್ಕಿದ್ದು ಬಿಟ್ಟರೆ ಬೇರೆ ತೊಂದರೆಯಿಲ್ಲ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು ಮಾಡದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದೆಂದು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ. ಕ್ಯಾನುಗಳನ್ನು ಇಳಿಸಿ ಅಳೆದಾಗ ಒಂದೂವರೆ ಕ್ಯಾನು ನೀರು ಉಳಿದಿತ್ತು. ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು, ನೀರನ್ನು ಅಮ್ಮನ ದಾಸವಾಳದ ಗಿಡಗಳಿಗೆ ಹೊಯ್ದೆವು.